ನಾನಾವತಿಗೆ ಚಪ್ಪಾಳೆ ಹೊಡೆದ ಊರು ಇದು. ನಾವು ಅಲ್ಲಿದ್ದಿದ್ದರೆ?

ಡೊಂಬಿವಲಿ ಲೋಕಲ್

ಎಲ್ಲರಿಗೂ ನಮಸ್ಕಾರ. ಆಫೀಸಿನಲ್ಲಿ ಊಟದ ಹೊತ್ತಿಗೆ ಶುರುವಾದ ಜಗಳ, ಇನ್ನೂ ಮುಗಿದಿಲ್ಲ. ಅದನ್ನೇ ಇಲ್ಲಿ ಹಾಕ್ತಾ ಇದ್ದೇನೆ.

ನಾನಾವತಿ ಕೇಸು ಮುಂಬೈಯಲ್ಲಿ ಇರುವವರಿಗೆ ಹೊಸದಲ್ಲ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1959ರ ಏಪ್ರಿಲ್ 27. ನೌಕಾಪಡೆಯ ಕಮಾಂಡರ್ ಕಾವಸ್ ನಾನಾವತಿ ಹಡಗಿನಿಂದ ಮನೆಗೆ ಬಂದಿದ್ದಾರೆ. ಪ್ರೇಮ್ ಆಹುಜಾ ಜೊತೆ ಸಂಬಂಧ ಇದೆ ಎಂದು ಹೆಂಡತಿ ಸಿಲ್ವಿಯಾ ಒಪ್ಪಿಕೊಳ್ಳುತ್ತಾಳೆ. ಆಹುಜಾ ಇವರ ಸ್ನೇಹಿತನೇ. ಕಮಾಂಡರ್ ಹೆಂಡತಿ ಮಕ್ಕಳನ್ನು ಮೆಟ್ರೋ ಟಾಕೀಸಿಗೆ ಬಿಡುತ್ತಾರೆ. ಅಲ್ಲಿಂದ ಹಡಗಿಗೆ ಹೋಗಿ, ಸುಳ್ಳು ಕಾರಣ ಕೊಟ್ಟು, ಒಂದು ರಿವಾಲ್ವರು ಮತ್ತು ಆರು ಗುಂಡು ತೆಗೆದುಕೊಳ್ಳುತ್ತಾರೆ. ಆಹುಜಾನನ್ನು ಅವನ ಕಾರಿನ ಶೋರೂಮಿನಲ್ಲಿ ಹುಡುಕುತ್ತಾರೆ. ಅಲ್ಲಿಲ್ಲ. ಮನೆಗೇ ಹೋಗುತ್ತಾರೆ. ಮೂರು ಗುಂಡು ಹಾರುತ್ತವೆ. ಆಮೇಲೆ ತಾವೇ ಹೋಗಿ ಪೊಲೀಸರಿಗೆ ಶರಣಾಗುತ್ತಾರೆ.

(ಹಡಗಿನ ಹೆಸರು ಐಎನ್‌ಎಸ್ ಮೈಸೂರು! ನಮ್ಮ ಹೆಸರು ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ನೋಡಿ.)

ಜ್ಯೂರಿಯಲ್ಲಿ, ಅಂದರೆ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಮಂಡಳಿಯಲ್ಲಿ, ಒಂಬತ್ತು ಜನ. ಎಂಟು ಜನ ತಪ್ಪಿತಸ್ಥ ಅಲ್ಲ ಎಂದರು. ಊರು ಕುಣಿದಾಡಿತು.

ನನ್ನ ಜೊತೆ ಕೆಲಸ ಮಾಡುವವನು ಹೇಳುವುದು, "ಗಂಡಸು ಅಂದ್ರೆ ಹಾಗಿರಬೇಕು, ಮಾಡಿ ಓಡಿಹೋಗಲಿಲ್ಲ." ನನಗೆ ಒಪ್ಪಲಾಗಲಿಲ್ಲ. ಆದರೆ ಯಾಕೆ ಒಪ್ಪಲ್ಲ ಅಂತ ನೆಟ್ಟಗೆ ಹೇಳಲೂ ಬರಲಿಲ್ಲ. ಪ್ರೀತಿಯ ನೋವಿನಲ್ಲಿ ಮಾಡಿದ ಕೊಲೆ ದುಡ್ಡಿಗಾಗಿ ಮಾಡಿದ ಕೊಲೆಗಿಂತ ಚಿಕ್ಕದಾ? ನಿಮ್ಮ ಅಭಿಪ್ರಾಯ ಹೇಳಿ.

ಗಲ್ಲಾ ಶೆಟ್ರು

ಚಿಕ್ಕದೇ ಮಾರಾಯ್ರೆ. ಸುಪಾರಿ ತಗೊಂಡು ಹೊಡೆಯುವವನೂ ಇವನೂ ಒಂದೇ ಅಂದ್ರೆ ಯಾರು ಒಪ್ತಾರೆ? ಶರಣಾದನಲ್ಲ, ಅದು ಧೈರ್ಯ ಅಲ್ವಾ? ನಮ್ಮಲ್ಲಿ ಎಷ್ಟು ಜನ ಮಾಡಿದ್ದನ್ನು ಒಪ್ಪಿಕೊಳ್ತಾರೆ?

ಅಂಧೇರಿ ಹುಡುಗ

+1 ಶೆಟ್ರೇ. ಆ ಟವೆಲಿನ ಕಥೆ ಏನು? ಎಲ್ಲ ಕಡೆ ಟವೆಲ್ ಟವೆಲ್ ಅಂತಾರೆ.

ಕಪ್ಪು ಕೋಟು

ಟವೆಲಿನಿಂದಲೇ ಶುರು ಮಾಡೋಣ, ಅಲ್ಲೇ ಇಡೀ ಕೇಸು ಇದೆ.

ಆಹುಜಾ ಆಗಷ್ಟೇ ಸ್ನಾನ ಮುಗಿಸಿದ್ದ. ಸೊಂಟಕ್ಕೆ ಟವೆಲು. ನಾನಾವತಿ ಪರವಾಗಿ ವಾದ ಏನೆಂದರೆ, ಕೊಲ್ಲಲು ಹೋಗಿರಲಿಲ್ಲ, ಮಾತಿಗೆ ಮಾತು ಬೆಳೆಯಿತು, ಇಬ್ಬರೂ ರಿವಾಲ್ವರಿಗೆ ಕೈ ಹಾಕಿ ಎಳೆದಾಡಿದರು, ಎಳೆದಾಟದಲ್ಲಿ ಗುಂಡು ಹಾರಿತು. ಸರಿ. ಇಬ್ಬರು ಗಟ್ಟಿ ಗಂಡಸರು ಬಾತ್‌ರೂಮಿನಂಥ ಇಕ್ಕಟ್ಟಿನಲ್ಲಿ ಹೋರಾಡಿದರೆ ಸೊಂಟದ ಟವೆಲು ನಿಲ್ಲುತ್ತದಾ? ಹೆಣದ ಮೇಲೆ ಟವೆಲು ಇದ್ದ ಹಾಗೇ ಇತ್ತು. ರಿವಾಲ್ವರು ಇಟ್ಟುಕೊಂಡು ಹೋಗಿದ್ದ ಕಂದು ಲಕೋಟೆ ಕೂಡ ಅಲ್ಲೇ ಸಿಕ್ಕಿತು. ಅದರ ಮೇಲೆ ನಾನಾವತಿಯ ಹೆಸರೇ ಬರೆದಿತ್ತು.

ಈಗ ಕಾನೂನು. ಹಳೆಯ ದಂಡಸಂಹಿತೆಯ 300ನೇ ಕಲಮಿನಲ್ಲಿ ಒಂದು ವಿನಾಯಿತಿ ಇತ್ತು, ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 101ನೇ ಕಲಮಿನಲ್ಲಿ ಅದು ಇನ್ನೂ ಇದೆ. ಯಾರೋ ಕೆರಳಿಸಿದ್ದರಿಂದ ಮನುಷ್ಯ ಹತೋಟಿ ತಪ್ಪಿ ಕೊಂದರೆ ಅದು ಕೊಲೆಯ ಲೆಕ್ಕಕ್ಕೆ ಬರದೆ ಅದಕ್ಕಿಂತ ಕೆಳಗಿನ ಅಪರಾಧ ಆಗುತ್ತದೆ. ಆದರೆ ಕೆರಳಿಸಿದ್ದು ದೊಡ್ಡದೂ ಆಗಿರಬೇಕು, ದಿಢೀರ್ ಕೂಡ ಆಗಿರಬೇಕು. ಎರಡೂ ಬೇಕು. ಡೊಂಬಿವಲಿಯವರ ಪ್ರಶ್ನೆಗೆ ಕಾನೂನಿನ ಉತ್ತರ ಅಲ್ಲೇ ಇದೆ. ಕಾನೂನು ಭಾವನೆಗೆ ಕಿವುಡಲ್ಲ. ಗಡಿಯಾರ ಮಾತ್ರ ನೋಡುತ್ತದೆ.

ಸುಪ್ರೀಂ ಕೋರ್ಟು 1961ರ ನವೆಂಬರಿನಲ್ಲಿ ಹೇಳಿದ್ದೂ ಇದನ್ನೇ. ಮನೆ ಬಿಟ್ಟಿದ್ದು ಮಧ್ಯಾಹ್ನ ಒಂದೂವರೆಗೆ, ಗುಂಡು ಹಾರಿದ್ದು 4.20ಕ್ಕೆ. ಹೆಚ್ಚುಕಡಿಮೆ ಮೂರು ಗಂಟೆ. ಸಿಟ್ಟು ಇಳಿಯಲು ಅಷ್ಟು ಸಾಕು. ಆ ಮೂರು ಗಂಟೆಯಲ್ಲಿ ಈ ಮನುಷ್ಯ ಟಾಕೀಸಿಗೆ ಬಿಟ್ಟದ್ದು, ಹಡಗಿನಲ್ಲಿ ಸುಳ್ಳು ಹೇಳಿದ್ದು, ಶೋರೂಮಿಗೆ ಹೋಗಿದ್ದು, ಎಲ್ಲಾ ತಣ್ಣಗೆ ನಡೆದಿದೆ. ಜೀವಾವಧಿ ಶಿಕ್ಷೆ ಖಾಯಂ ಆಯಿತು.

ಶೆಟ್ರೇ, ಶರಣಾಗಿದ್ದು ಒಳ್ಳೆಯದೇ. ಆದರೆ ಆಮೇಲೆ ಕೋರ್ಟಿನಲ್ಲಿ "ಎಳೆದಾಟದಲ್ಲಿ ಹಾರಿತು" ಎಂದರಲ್ಲ, ಅದು ಒಪ್ಪಿಕೊಂಡ ಹಾಗಾ?

ಗಲ್ಲಾ ಶೆಟ್ರು

ವಕೀಲ ಮೇಡಂ ಹತ್ತಿರ ವಾದ ಮಾಡಿ ಗೆಲ್ಲೋಕಾಗುತ್ತಾ. 🙏

ನೈಟ್ ಸ್ಕೂಲ್ ಅಜ್ಜ

ಮಕ್ಕಳೇ, ಆ ಕಾಲದಲ್ಲಿ ನಾನು ಇಲ್ಲಿದ್ದೆ. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದೆ, ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದೆ. ನಮ್ಮೂರಿನಿಂದ ಬಂದ ಹುಡುಗರದ್ದೆಲ್ಲ ಅದೇ ದಾರಿ ಆಗ.

ಬ್ಲಿಟ್ಜ್ ಅಂತ ಒಂದು ವಾರಪತ್ರಿಕೆ. ಕರಂಜಿಯಾ ಎಂಬುವರು ಅದರ ಸಂಪಾದಕರು. 25 ಪೈಸೆಯ ಆ ಪತ್ರಿಕೆ ಎರಡು ರೂಪಾಯಿಗೆ ಮಾರಾಟ ಆಗುತ್ತಿತ್ತು. ನಮ್ಮ ಹೋಟೆಲಿಗೆ ಒಂದೇ ಪ್ರತಿ ಬರುತ್ತಿತ್ತು, ಅದು ಟೇಬಲಿನಿಂದ ಟೇಬಲಿಗೆ ಹೋಗಿ ಸಂಜೆಯ ಹೊತ್ತಿಗೆ ಸಾಂಬಾರಿನ ಕಲೆ ಹತ್ತಿ ಹರಿದಿರುತ್ತಿತ್ತು. ಬೀದಿಯಲ್ಲಿ ಆಟದ ರಿವಾಲ್ವರನ್ನು ನಾನಾವತಿ ಹೆಸರಿನಲ್ಲಿ, ಟವೆಲನ್ನು ಆಹುಜಾ ಹೆಸರಿನಲ್ಲಿ ಕೂಗಿ ಮಾರುತ್ತಿದ್ದರು. ಸತ್ತವನ ಟವೆಲು ನಗೆಯ ವಸ್ತು ಆಗಿತ್ತು. ನಾವೂ ನಗುತ್ತಿದ್ದೆವು.

ಬಿಳಿ ಸಮವಸ್ತ್ರ, ಎದೆಯ ಮೇಲೆ ಪದಕ, ಎತ್ತರದ ಆಳು. ಫೋಟೋ ನೋಡಿದವರೆಲ್ಲ ಕರಗುತ್ತಿದ್ದರು. ಅದೇ ಸುಮಾರಿಗೆ ನಮ್ಮ ಹೋಟೆಲಿನ ಹಿಂದಿನ ಚಾಳಿನಲ್ಲಿ ಒಬ್ಬ ಗಿರಣಿ ಕೆಲಸಗಾರ ಹೆಂಡತಿಯ ವಿಷಯಕ್ಕೆ ಪಕ್ಕದ ಖೋಲಿಯವನಿಗೆ ಚಾಕು ಹಾಕಿದ. ಅವನೂ ಓಡಿಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ, ಪೊಲೀಸರು ಬಂದರು, ಎದ್ದು ಹೋದ. ಅವನಿಗೆ ಯಾವ ಪತ್ರಿಕೆಯೂ ಇರಲಿಲ್ಲ, ಚಪ್ಪಾಳೆಯೂ ಇರಲಿಲ್ಲ. ಹೆಂಡತಿ ಸ್ವಲ್ಪ ದಿನ ನಮ್ಮ ಹೋಟೆಲಿಗೆ ಈರುಳ್ಳಿ ಹೆಚ್ಚಲು ಬಂದಳು. ಆಮೇಲೆ ಕಾಣಲಿಲ್ಲ.

ಪ್ರೀತಿಯ ನೋವು ಎಲ್ಲರಿಗೂ ಒಂದೇ ಅಲ್ವಾ. ಮಾಫಿ ಮಾತ್ರ ಬಟ್ಟೆ ನೋಡಿ ಸಿಗುತ್ತದೆ.

ಮುಲುಂಡ್ ಮನೆಯಾಕೆ

ಅಜ್ಜ, ನಿಮಗೆ ಕೈಮುಗಿದೆ.

ಇನ್ನೊಂದು ವಿಷಯ. ಇಷ್ಟು ಹೊತ್ತು ಇಬ್ಬರು ಗಂಡಸರ ಬಗ್ಗೆ ಮಾತಾಡಿದ್ದಾಯಿತು. ಸಿಲ್ವಿಯಾ? ಅವಳು ಗಂಡನಿಗೆ ಮೋಸ ಮಾಡಿದಳು, ನಿಜ. ಆದರೆ ಕೇಳಿದಾಗ ಸುಳ್ಳು ಹೇಳಲಿಲ್ಲ. ಆಮೇಲೆ ತುಂಬಿದ ಕೋರ್ಟಿನಲ್ಲಿ, ಊರೆಲ್ಲ ತನ್ನನ್ನು ನೋಡಲೆಂದೇ ಬಂದಿರುವಾಗ, ಸಾಕ್ಷಿಕಟ್ಟೆಗೆ ಹತ್ತಿ ಗಂಡನ ಪರವಾಗಿ ಹೇಳಿದಳು. ಅದಕ್ಕೆ ಎಷ್ಟು ಗುಂಡಿಗೆ ಬೇಕು! ಯಾರಾದರೂ ಅವಳಿಗೆ ಚಪ್ಪಾಳೆ ಹೊಡೆದರಾ?

ಇನ್ನೊಬ್ಬಳು ಆಹುಜಾನ ಅಕ್ಕ ಮೇಮಿ. ತಮ್ಮ ಸತ್ತ. ಊರಿಗೆಲ್ಲ ತಮ್ಮನೇ ಕೆಟ್ಟವನು. ಅವಳು ಮಾತ್ರ ಕೇಸಿನ ಬೆನ್ನು ಬಿಡಲಿಲ್ಲ. ಗಂಡಸು ಅಂದ್ರೆ ಹಾಗಿರಬೇಕು ಅನ್ನುವವರು ಹೆಂಗಸು ಅಂದ್ರೆ ಹೀಗಿರಬೇಕು ಅಂತ ಇವರಿಬ್ಬರನ್ನು ತೋರಿಸ್ತಾರಾ? ಇಲ್ಲ.

ಕಪ್ಪು ಕೋಟು

ಅಕ್ಕ, ಮೇಮಿಯ ಕಥೆಗೆ ಬಾಲ ಇದೆ. ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಅಂತ ಅದರಿಂದ ಗೊತ್ತಾಗುತ್ತದೆ.

ಜ್ಯೂರಿ ಬಿಟ್ಟಿತು. ಆದರೆ ಸೆಷನ್ಸ್ ನ್ಯಾಯಾಧೀಶರಿಗೆ ಆ ತೀರ್ಪು ವಿಚಿತ್ರ ಅನ್ನಿಸಿ, ಅವರೇ ಹೈಕೋರ್ಟಿಗೆ ಕಳಿಸಿದರು. (ಎಲ್ಲರೂ ಕುಣಿಯುತ್ತಿರುವಾಗ ಇದು ಸರಿಯಿಲ್ಲ ಎಂದು ಬರೆದ ಆ ನ್ಯಾಯಾಧೀಶರದ್ದೂ ಒಂದು ಧೈರ್ಯವೇ.) ಹೈಕೋರ್ಟು 1960ರ ಮಾರ್ಚ್ 11ಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ ದಿನ ರಾಜ್ಯಪಾಲರು ಆ ಶಿಕ್ಷೆಯನ್ನು ತಡೆಹಿಡಿದು ಆದೇಶ ಹೊರಡಿಸಿದರು. ಅದೇ ದಿನ! ಜೈಲಿಗೆ ಹೋಗಬೇಕಾದ ಮನುಷ್ಯ ನೌಕಾಪಡೆಯ ವಶದಲ್ಲೇ ಉಳಿದ. ಮೇಲ್ಮನವಿ ಕೋರ್ಟಿನ ಮುಂದೆ ಇರುವಾಗ ಹೀಗೆ ಮಾಡಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು ಸೆಪ್ಟೆಂಬರಿನಲ್ಲಿ ಹೇಳಬೇಕಾಯಿತು.

ಕೊನೆಗೆ 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟರು. ಆಹುಜಾ ಸಿಂಧಿ, ನಾನಾವತಿ ಪಾರ್ಸಿ. ಒಬ್ಬರನ್ನೇ ಬಿಟ್ಟರೆ ಇನ್ನೊಂದು ಸಮಾಜ ಸುಮ್ಮನಿರುತ್ತದಾ? ಅದಕ್ಕೆ ಭಾಯಿ ಪ್ರತಾಪ್ ಎಂಬ ಸಿಂಧಿ ವ್ಯಾಪಾರಿಗೂ ಜೊತೆಯಲ್ಲೇ ಕ್ಷಮಾದಾನ ಸಿಕ್ಕಿತು. ಅವರದ್ದು ಆಮದು ಲೈಸೆನ್ಸಿನ ಕೇಸು, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮೇಮಿಯಿಂದ ತನ್ನ ಅಭ್ಯಂತರ ಇಲ್ಲ ಎಂದು ಬರೆಸಿಕೊಂಡರು. ನಾನಾವತಿ ಕುಟುಂಬ 1968ರಲ್ಲಿ ಕೆನಡಾಕ್ಕೆ ಹೋಯಿತು.

ತಕ್ಕಡಿಯಲ್ಲಿ ಎರಡು ಸಮಾಜ ತೂಗಿದರು. ಸತ್ತವನನ್ನು ಯಾವ ತಟ್ಟೆಯಲ್ಲೂ ಇಡಲಿಲ್ಲ.

ಅಂಧೇರಿ ಹುಡುಗ

ಇದೆಲ್ಲ ಗೊತ್ತೇ ಇರಲಿಲ್ಲ 😮

ಪುಣೆ ಪೇಟೆ

ನಾನು ಪುಣೆಯವನು, ಮುಂಬೈಯವರ ಜಗಳಕ್ಕೆ ತಲೆ ಹಾಕ್ತಿದ್ದೇನೆ, ಕ್ಷಮಿಸಿ. ಅಪರಾಧ, ಅಧಿಕಾರ, ಮೋಹ, ಧೈರ್ಯ ನಾಲ್ಕೂ ಒಂದೇ ರಸ್ತೆಯಲ್ಲಿ ಸಿಗಬೇಕಾದರೆ ನಾನಾವತಿಗಿಂತ ಹಿಂದೆ ಹೋಗಿ. ಬಾವ್ಲಾ ಕೊಲೆ ಕೇಸು, 1925ರ ಜನವರಿ 12.

ಮುಮ್ತಾಜ್ ಬೇಗಂ ಇಂದೋರಿನ ಮಹಾರಾಜ ತುಕೋಜಿರಾವ್ ಹೋಳ್ಕರ್ ಆಸ್ಥಾನದ ನರ್ತಕಿ. ಅರಮನೆ ಅವಳಿಗೆ ಜೈಲಾಯಿತು. ತನಗೆ ಹುಟ್ಟಿದ ಹೆಣ್ಣು ಮಗುವನ್ನು ಅಲ್ಲಿ ಕೊಂದರು ಎಂದು ಆಮೇಲೆ ಅವಳೇ ಹೇಳಿದಳು. ಒಂದು ಸಲ ರೈಲಿನಲ್ಲಿ ಇಂದೋರಿಗೆ ವಾಪಸ್ ಕರೆದೊಯ್ಯುತ್ತಿರುವಾಗ ದಿಲ್ಲಿಯಲ್ಲಿ ಇಳಿದವಳು ಮತ್ತೆ ಹತ್ತಲೇ ಇಲ್ಲ. ಸುತ್ತಲೂ ಮಹಾರಾಜರ ಆಳುಗಳು. ಕೊನೆಗೆ ಮುಂಬೈಗೆ ಬಂದು ಅಬ್ದುಲ್ ಕಾದಿರ್ ಬಾವ್ಲಾ ಎಂಬ ಶ್ರೀಮಂತ ವ್ಯಾಪಾರಿಯ ಜೊತೆ ಇದ್ದಳು. ಬೆದರಿಕೆ ಬಂತು. ಬಾವ್ಲಾ ಅವಳನ್ನು ಬಿಟ್ಟುಕೊಡಲಿಲ್ಲ.

ಆ ಸಂಜೆ ಮಲಬಾರ್ ಹಿಲ್‌ನಲ್ಲಿ ಕಾರಿನಲ್ಲಿ ಹೋಗುವಾಗ ಹಿಂದಿನಿಂದ ಇನ್ನೊಂದು ಕಾರು ಬಂದು ಗುದ್ದಿತು. ಇಳಿದವರು ಮುಮ್ತಾಜಳನ್ನು ಎಳೆಯಲು ನೋಡಿದರು. ಬಾವ್ಲಾಗೆ ಗುಂಡು ಬಿತ್ತು. ಅವಳ ಮುಖದ ಮೇಲೆ ಚಾಕು ಎಳೆದರು. ಅಷ್ಟರಲ್ಲಿ ಗಾಲ್ಫ್ ಆಡಿ ವಾಪಸ್ ಬರುತ್ತಿದ್ದ ಬ್ರಿಟಿಷ್ ಸೇನಾಧಿಕಾರಿಗಳ ಕಾರು ಅಲ್ಲಿಗೆ ಬಂತು. ಅವರು ಬರಬೇಕಾದ ದಾರಿಯೇ ಅದಲ್ಲ, ದಾರಿ ತಪ್ಪಿ ಬಂದಿದ್ದರಂತೆ. ಲೆಫ್ಟಿನೆಂಟ್ ಸೀಗರ್ಟ್ ಎಂಬುವನ ಕೈಯಲ್ಲಿದ್ದದ್ದು ಗಾಲ್ಫ್ ಕೋಲು. ಎದುರಿಗೆ ಪಿಸ್ತೂಲು. ಗುಂಡು ತಿಂದರೂ ಹೊಡೆದ. ಅವಳನ್ನು ಕೊಂಡೊಯ್ಯಲು ಆಗಲಿಲ್ಲ. ಬಾವ್ಲಾ ಉಳಿಯಲಿಲ್ಲ.

ಕೇಸು ಮುಂಬೈ ಹೈಕೋರ್ಟಿನಲ್ಲಿ ನಡೆಯಿತು. ಆರೋಪಿಗಳಲ್ಲಿ ಒಬ್ಬನ ಪರವಾಗಿ ವಾದಿಸಿದ್ದು ಜಿನ್ನಾ, ಹೌದು, ಅದೇ ಜಿನ್ನಾ. ಮೂವರಿಗೆ ಮರಣದಂಡನೆ ತೀರ್ಪಾಯಿತು. ಕಳಿಸಿದವರು ಯಾರು ಎಂಬುದು ಊರಿಗೆಲ್ಲ ಗೊತ್ತು. ಬ್ರಿಟಿಷ್ ಸರ್ಕಾರ ಮಹಾರಾಜರ ಮುಂದೆ ಎರಡು ದಾರಿ ಇಟ್ಟಿತು. ವಿಚಾರಣಾ ಆಯೋಗ ಎದುರಿಸಿ, ಇಲ್ಲವೇ ಪಟ್ಟ ಬಿಡಿ. 1926ರ ಫೆಬ್ರವರಿಯಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟರು. ವಿಚಾರಣೆ ಇಲ್ಲ, ಕಟಕಟೆ ಇಲ್ಲ. ಎರಡು ವರ್ಷಕ್ಕೆ ಅಮೆರಿಕದ ಹೆಣ್ಣನ್ನು ಮದುವೆಯಾಗಿ ಆರಾಮಾಗಿದ್ದರು.

ಎಲ್ಲರೂ ಗಾಲ್ಫ್ ಕೋಲಿನ ಸಾಹಸ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ದಿಲ್ಲಿ ಸ್ಟೇಷನ್ನಿನಲ್ಲಿ ಇಳಿದದ್ದು. ಕೋಲು ಬೀಸಿದವನು ಆ ಗಳಿಗೆಯಲ್ಲಿ ಯೋಚಿಸಲಿಲ್ಲ, ಯೋಚಿಸಲು ಸಮಯ ಎಲ್ಲಿತ್ತು. ಅವಳು ಮುಂದೇನಾಗಬಹುದು ಎಂದು ಪೂರ್ತಿ ಗೊತ್ತಿದ್ದೂ ಇಳಿದಳು.

ಡೊಂಬಿವಲಿ ಲೋಕಲ್

ಪುಣೆಯವರೇ, ಕೊನೆಯ ಮಾತು ಚೆನ್ನಾಗಿದೆ. ಆದರೆ ಅದನ್ನೇ ತಿರುಗಿಸಿ ನೋಡಿ. ಕಪ್ಪು ಕೋಟು ಮೇಡಂ ಹೇಳಿದ್ದು ಏನು? ಯೋಚಿಸಲು ಸಮಯ ಇದ್ದಷ್ಟೂ ನಾನಾವತಿಯ ತಪ್ಪು ದೊಡ್ಡದು. ನೀವು ಹೇಳುವುದು, ಯೋಚಿಸಲು ಸಮಯ ಇದ್ದಷ್ಟೂ ಮುಮ್ತಾಜಳ ಧೈರ್ಯ ದೊಡ್ಡದು. ಅಪರಾಧಕ್ಕೂ ಧೈರ್ಯಕ್ಕೂ ಒಂದೇ ಗಡಿಯಾರ ಆಯ್ತಲ್ಲ!

ಕಪ್ಪು ಕೋಟು

ನಾಳೆ ಬಾರ್ ರೂಮಿನಲ್ಲಿ ಇದನ್ನು ನನ್ನದೇ ಮಾತು ಅಂತ ಹೇಳ್ತೀನಿ, ಬೇಜಾರಿಲ್ಲ ತಾನೇ 😄

ಗಲ್ಲಾ ಶೆಟ್ರು

ಎಲ್ಲರೂ ದೊಡ್ಡವರ ಕಥೆ ಹೇಳ್ತಿದ್ದೀರಿ. ನಮ್ಮ ಮನೆಯದ್ದು ಹೇಳ್ತೇನೆ. ಜಾಗ, ಹೆಸರು ಬೇಡ.

ತೊಂಬತ್ತರ ದಶಕ. ಅಪ್ಪನದ್ದು ಸ್ಟೇಷನ್ ಹತ್ತಿರ ಹೋಟೆಲು. ಹಫ್ತಾ ಕೊಡದ ಹೋಟೆಲಿನವರು ಆಗ ಯಾರಿದ್ದರು? ಗ್ಯಾಂಗಿನ ಇಬ್ಬರು ಪಂಟರುಗಳು, ಅಂದ್ರೆ ವಸೂಲಿಯ ಆಳುಗಳು, ಬರ್ತಿದ್ದರು. ಕಟಿಂಗ್ ಕುಡೀತಿದ್ದರು, ಚಹಾದ ದುಡ್ಡು ಮಾತ್ರ ಸರಿಯಾಗಿ ಕೊಡ್ತಿದ್ದರು. ಅಪ್ಪ ಗಲ್ಲಾದ ಕೆಳಗಿನ ಡ್ರಾಯರು ತೆಗೆದು ಕವರು ಕೊಡ್ತಿದ್ದರು, ಮೇಲೆ ಗಣಪತಿ ಫೋಟೋ. ನಾನು ಚಿಕ್ಕವನು, ಅದು ಲೈಟ್ ಬಿಲ್ಲು ಅಂತ ತಿಳ್ಕೊಂಡಿದ್ದೆ.

ಒಂದು ರಾತ್ರಿ ಹೋಟೆಲಿನ ಎದುರಿಗೇ ಒಬ್ಬ ಅಂಗಡಿಯವರನ್ನು ಹೊಡೆದು ಹಾಕಿದರು. ನಮ್ಮ ವೇಟರ್ ಒಬ್ಬ ಶಟರ್ ಎಳೆಯಲು ಹೊರಗೆ ನಿಂತಿದ್ದ, ಕುಂದಾಪುರ ಕಡೆಯ ಹುಡುಗ. ಮುಖ ನೋಡಿದ. ಪೊಲೀಸರು ಬಂದು ಕೇಳಿದಾಗ ನೋಡಿದ್ದೇನೆ ಅಂತ ಹೇಳಿಯೂ ಬಿಟ್ಟ. ಮರುದಿನ ಹೋಟೆಲಿಗೆ ಫೋನು. ಅಪ್ಪ "ಹಾಂ, ಹಾಂ" ಅಂತ ಮಾತ್ರ ಅಂದರು. ಸಂಜೆ ಹುಡುಗನಿಗೆ ಸಂಬಳ, ಮೇಲೆ ಇನ್ನಷ್ಟು ದುಡ್ಡು ಕೊಟ್ಟು ಊರಿನ ಬಸ್ಸು ಹತ್ತಿಸಿದರು. ಆರೋಪಿಯನ್ನು ಗುರುತಿಸುವ ಪರೇಡಿಗೆ ಅವನು ಬರಲಿಲ್ಲ. ಕೇಸು ಬಿದ್ದು ಹೋಯಿತು.

ಅಪ್ಪ ಹೇಡಿನಾ? ಒಂದು ಜೀವ ಉಳಿಸಿದರು. ಸತ್ತವರಿಗೂ ಹೆಂಡತಿ ಮಕ್ಕಳಿದ್ದರು, ನಮ್ಮ ಹೋಟೆಲಿಗೇ ಇಡ್ಲಿಗೆ ಬರ್ತಿದ್ದರು. ಆ ಘಟನೆ ಆದ ಮೇಲೆ ಬರಲಿಲ್ಲ.

ಅಂಧೇರಿ ಹುಡುಗ

ಅದಕ್ಕೇ ಶೆಟ್ರೇ ಎನ್‌ಕೌಂಟರ್ ಬೇಕಿತ್ತು. ಸಾಕ್ಷಿ ಬೇಡ, ಕೋರ್ಟು ಬೇಡ. ಆ ಪೊಲೀಸರು ಇಲ್ಲದಿದ್ದರೆ ಇವತ್ತೂ ನೀವು ಕವರು ಕೊಡ್ತಾ ಇರ್ತಿದ್ದಿರಿ.

ಗಲ್ಲಾ ಶೆಟ್ರು

ಸುಳ್ಳಲ್ಲ. ಗ್ಯಾಂಗಿನ ಭಾಯಿಯ ಕಡೆಯವನು ಯಾವನಾದರೂ ಸತ್ತ ಅಂದ್ರೆ ನಮ್ಮ ಲೈನಿನಲ್ಲಿ ಪೇಡಾ ಹಂಚ್ತಿದ್ದರು. ಅಪ್ಪನೂ ತಿಂದಿದ್ದಾರೆ.

ಕಪ್ಪು ಕೋಟು

1982ರ ಜನವರಿಯಲ್ಲಿ ವಡಾಲಾದಲ್ಲಿ ಮನ್ಯಾ ಸುರ್ವೆ ಎಂಬ ರೌಡಿಯನ್ನು ಪೊಲೀಸರು ಕೊಂದದ್ದನ್ನು ಈ ಊರಿನ ಮೊದಲ ಎನ್‌ಕೌಂಟರ್ ಅನ್ನುತ್ತಾರೆ. ಆಮೇಲೆ ಎಷ್ಟು ನಡೆದವು. ಪೇಡಾದ ಸಿಹಿ ಅರ್ಥ ಆಗುತ್ತದೆ, ಹಫ್ತಾ ಕೊಟ್ಟವರ ನೋವು ನಾನು ಅಲ್ಲಗಳೆಯುವುದಿಲ್ಲ. ಆದರೆ ತಮ್ಮಾ, ಸಾಕ್ಷಿ ಬೇಡ, ಕೋರ್ಟು ಬೇಡ ಅಂದ ಮೇಲೆ ಗುಂಡು ತಿಂದವನು ಭಾಯಿಯೇ ಅಂತ ಹೇಳುವವರು ಯಾರು? ಗುಂಡು ಹೊಡೆದವರೇ. 2014ರಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ್ದೇ ಕೇಸಿನಲ್ಲಿ ನಿಯಮ ಹಾಕಿತು. ಎನ್‌ಕೌಂಟರಿನಲ್ಲಿ ಸಾವಾದರೆ ಎಫ್‌ಐಆರ್ ಆಗಬೇಕು, ತನಿಖೆ ಬೇರೆ ಠಾಣೆಯವರು ಅಥವಾ ಸಿಐಡಿಯವರು ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ಆ ಗಲಾಟೆಯಲ್ಲೇ ತಕ್ಷಣ ಪದಕ, ಬಡ್ತಿ ಕೊಡಬಾರದು ಎಂದೂ ಇದೆ.

ಶೆಟ್ರೇ, ನಿಮ್ಮ ಅಪ್ಪನ ವಿಷಯ. ಹೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಸಾಕ್ಷಿಯನ್ನು ಕಾಪಾಡುವ ಕೆಲಸ ಸರ್ಕಾರದ್ದು, ಅದನ್ನು ಒಬ್ಬ ಹೋಟೆಲಿನವರ ತಲೆಗೆ ಕಟ್ಟಿದ್ದರು. ಸಾಕ್ಷಿ ರಕ್ಷಣೆಗೆ ಒಂದು ಯೋಜನೆ ಅಂತ ದೇಶದಲ್ಲಿ ಬಂದದ್ದೇ 2018ರಲ್ಲಿ.

ನೈಟ್ ಸ್ಕೂಲ್ ಅಜ್ಜ

ಅಂಧೇರಿ ಮಗನೇ, ಪೇಡಾ ಹಂಚಿದ್ದು, ಟವೆಲ್ ಮಾರಿದ್ದು, ನಾನು ಎರಡನ್ನೂ ನೋಡಿದ್ದೇನೆ. ಕೈಯಲ್ಲಿ ರಿವಾಲ್ವರು ಇದ್ದವನಿಗೆ ಈ ಊರು ಬಹಳ ಬೇಗ ಚಪ್ಪಾಳೆ ಹೊಡೆಯುತ್ತದೆ.

ಹೊನ್ನಾವರ ಸಿಸ್ಟರ್

ರಿವಾಲ್ವರು, ಚಾಕು, ಗಾಲ್ಫ್ ಕೋಲು ಎಲ್ಲ ಆಯಿತು. ಈಗ ನಮ್ಮ ಊರಿನವಳೊಬ್ಬಳ ಬಗ್ಗೆ ಹೇಳುತ್ತೇನೆ, ಬರಿಗೈಯವಳು. ಹೆಸರು ಎಲ್ಲರಿಗೂ ಗೊತ್ತು. ಹಳದೀಪುರದವಳು ಅನ್ನುವುದು ಎಷ್ಟು ಜನರಿಗೆ ನೆನಪಿದೆಯೋ ಗೊತ್ತಿಲ್ಲ. ಅರುಣಾ ಶಾನಭಾಗ.

ಹಳದೀಪುರದಿಂದ ಪರೇಲಿನ ಕೆಇಎಂ ಆಸ್ಪತ್ರೆಗೆ ನರ್ಸ್ ಆಗಿ ಬಂದವಳು. ನಾಯಿಗಳ ಮೇಲೆ ಪ್ರಯೋಗ ಮಾಡುವ ವಿಭಾಗದಲ್ಲಿ ಡ್ಯೂಟಿ. ಅಲ್ಲಿ ಗುಡಿಸುವ ಕೆಲಸದವನೊಬ್ಬನನ್ನು ಅವಳು ಕೆಲಸದ ವಿಷಯಕ್ಕೆ ಗದರಿಸಿದ್ದಳು. ನಾಯಿಗಳಿಗೆ ಬರುವ ಆಹಾರವನ್ನೇ ಕದಿಯುತ್ತಿದ್ದ ಅನ್ನುತ್ತಾರೆ. 1973ರ ನವೆಂಬರ್ 27, ಡ್ಯೂಟಿ ಮುಗಿಸಿ ಬಟ್ಟೆ ಬದಲಿಸುವಾಗ ಅವನು ನಾಯಿಯ ಸರಪಳಿಯನ್ನು ಅವಳ ಕುತ್ತಿಗೆಗೆ ಹಾಕಿ ಎಳೆದ. ಅತ್ಯಾಚಾರ ಮಾಡಿದ. ಮಿದುಳಿಗೆ ರಕ್ತ ಹೋಗಲಿಲ್ಲ. ಮರುದಿನ ಬೆಳಗ್ಗೆ ಸಿಕ್ಕಳು. ಆಗ 25 ವಯಸ್ಸು, ಅದೇ ಆಸ್ಪತ್ರೆಯ ಡಾಕ್ಟರೊಬ್ಬರ ಜೊತೆ ಮದುವೆ ನಿಶ್ಚಯ ಆಗಿತ್ತು.

ಅವನಿಗೆ ಕೇಸು ಬಿದ್ದದ್ದು ಕೊಲೆ ಯತ್ನ ಮತ್ತು ದರೋಡೆಗೆ ಮಾತ್ರ. ಏಳು ವರ್ಷ ಶಿಕ್ಷೆ, ಮುಗಿಸಿ ಹೋದ. ಅತ್ಯಾಚಾರದ ಮಾತನ್ನು ಕೇಸಿನಲ್ಲಿ ತರಲೇ ಇಲ್ಲ. ಅವಳ ಮಾನ ಹೋಗುತ್ತದೆ ಅಂತ. ಯಾರ ಮಾನ?

ನಾನು ಬೇರೆ ಆಸ್ಪತ್ರೆಯಲ್ಲಿ ದುಡಿದವಳು. ವಾರ್ಡಿನಲ್ಲಿ ಸಿಸ್ಟರ್ ಆಗಿ ಕಳ್ಳತನ ಮಾಡುವವನನ್ನು ಗದರಿಸುವುದು ಧೈರ್ಯ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಡ್ಯೂಟಿ ಅಷ್ಟೇ. ಆದರೆ ನಮಗೆಲ್ಲ ಗೊತ್ತಿತ್ತು, ಗದರಿಸಿದ ದಿನ ಕತ್ತಲ ಕಾರಿಡಾರಿನಲ್ಲಿ ಒಬ್ಬಳೇ ಹೋಗಬಾರದು. ಗೊತ್ತಿದ್ದೂ ಗದರಿಸುತ್ತಿದ್ದೆವು. ಕೆಲವರು ನೋಡಿಯೂ ನೋಡದ ಹಾಗೆ ಇರುತ್ತಿದ್ದರು, ಅವರನ್ನೂ ನಾನು ದೂರುವುದಿಲ್ಲ.

ಆಮೇಲಿನ 42 ವರ್ಷ ಅವಳನ್ನು ನೋಡಿಕೊಂಡದ್ದು ಅಲ್ಲಿನ ನರ್ಸುಗಳು. ಒಂದು ಬ್ಯಾಚು ನಿವೃತ್ತಿ ಆದರೆ ಇನ್ನೊಂದು ಬ್ಯಾಚು. ಹಾಸಿಗೆ ಹಿಡಿದವರ ಆರೈಕೆ ಏನು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ, ಸೊಂಟದ ಮೂಳೆ, ಭುಜದ ಹಿಂದೆ ಕೈಯಾಡಿಸಿ ನೋಡಬೇಕು, ಚರ್ಮ ಕೆಂಪಾಗಿದ್ದರೆ ಆವತ್ತೇ ಎಚ್ಚರ ಆಗಬೇಕು. ಹಾಸಿಗೆಯ ಬಟ್ಟೆಯಲ್ಲಿ ಒಂದು ಸುಕ್ಕು ಇರಬಾರದು. 2011ರಲ್ಲಿ ಕೋರ್ಟು ಕಳಿಸಿದ ಡಾಕ್ಟರುಗಳು ಪರೀಕ್ಷೆ ಮಾಡಿದಾಗ ಮೈಮೇಲೆ ಬೆಡ್‌ಸೋರ್ ಇರಲಿಲ್ಲ. 37 ವರ್ಷ ಮಲಗಿದ ಮೈ! ನನ್ನ ಕೆಲಸದ ಹೆಂಗಸರಿಗೆ ಆ ಒಂದು ಸಾಲು ಸಾಕು.

ಮುಲುಂಡ್ ಮನೆಯಾಕೆ

ಸಿಸ್ಟರ್, ನಿಮ್ಮ ಮಾತಿಗೆ ತಲೆಬಾಗಿದೆ. ಆದರೂ ಒಂದು ಕೇಳಲೇಬೇಕು. ದಯಾಮರಣಕ್ಕೆ ಅರ್ಜಿ ಹಾಕಿದಾಗ ನರ್ಸುಗಳು ಬೇಡ ಎಂದರು. 2011ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅರ್ಜಿ ತಳ್ಳಿಹಾಕಿದಾಗ ಸಿಹಿ ಹಂಚಿದರು. ಅವಳಿಗೆ ಏನು ಬೇಕಿತ್ತೋ ಯಾರಿಗೆ ಗೊತ್ತು? ಪ್ರೀತಿ ಕೂಡ ಒಂದು ಅಧಿಕಾರ ಆಗಲಿಲ್ವಾ?

ಹೊನ್ನಾವರ ಸಿಸ್ಟರ್

ಆಗಿರಬಹುದು ತಂಗಿ. ಅದನ್ನು ಕೇಳುವ ಹಕ್ಕು ನಿನಗಿದೆ. ಆದರೆ ಎಂಬತ್ತರ ದಶಕದಲ್ಲಿ ಕಾರ್ಪೊರೇಷನ್ನಿನವರು ಆ ಮಂಚ ಖಾಲಿ ಮಾಡಿಸಲು ನೋಡಿದಾಗ ಎದುರಿಗೆ ನಿಂತದ್ದೂ ಅದೇ ನರ್ಸುಗಳು. ಕೇಳುವುದಾದರೆ ಎರಡನ್ನೂ ಸೇರಿಸಿ ಕೇಳು.

ಕಪ್ಪು ಕೋಟು

ಅರ್ಜಿ ಬಿತ್ತು, ಆದರೆ ಆ ತೀರ್ಪಿನಿಂದಲೇ ನಿಷ್ಕ್ರಿಯ ದಯಾಮರಣಕ್ಕೆ, ಅಂದರೆ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸುವುದಕ್ಕೆ, ಈ ದೇಶದಲ್ಲಿ ದಾರಿ ತೆರೆಯಿತು. ಅವಳು 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡಳು. ಮುಲುಂಡ್ ಅಕ್ಕನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಅಂಧೇರಿ ಹುಡುಗ

ಒಂದು ಮಾತು. ನಿನ್ನೆಯಿಂದ ಬರೀಲೋ ಬೇಡವೋ ಅಂತ ನೋಡ್ತಾ ಇದ್ದೆ.

ನಮ್ಮ ಬಿಲ್ಡಿಂಗಿನಲ್ಲಿ ಕಳೆದ ವಾರ ವಾಚ್‌ಮನ್‌ಗೆ ಹೊಡೆದರು. ಗೇಟು ತೆಗೆಯಲು ತಡ ಆಯಿತು ಅಂತ. ಹೊಡೆದವನು ಸೊಸೈಟಿಯಲ್ಲಿ ದೊಡ್ಡ ಮನುಷ್ಯರ ಮಗ. ವಾಚ್‌ಮನ್ ಕಿವಿಯಿಂದ ರಕ್ತ ಬಂತು, ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ಆವತ್ತು ಸಿಸಿಟಿವಿ ಬಂದ್ ಇತ್ತಂತೆ. ನಾನು ಎರಡನೇ ಶಿಫ್ಟು ಮುಗಿಸಿ ಬೈಕು ನಿಲ್ಲಿಸ್ತಾ ಇದ್ದೆ, ಪೂರ್ತಿ ನೋಡಿದ್ದೇನೆ. ಯಾರೂ ನನ್ನನ್ನು ಕೇಳಿಲ್ಲ. ನಾವು ಬಾಡಿಗೆಗೆ ಇರೋರು, ಅಮ್ಮ ಜೊತೆಗಿದ್ದಾರೆ. ಏನು ಮಾಡಲಿ?

ಗಲ್ಲಾ ಶೆಟ್ರು

ತಮ್ಮಾ, ಮೊದಲು ಅಮ್ಮನ ಹತ್ತಿರ ಮಾತಾಡು. ಬಾಡಿಗೆ ಎಗ್ರಿಮೆಂಟ್ ಯಾವಾಗ ಮುಗಿಯುತ್ತೆ ನೋಡು. ನಾನು ಬೇಡ ಅಂತ ಹೇಳ್ತಿಲ್ಲ. ಇಲ್ಲಿ ಧೈರ್ಯದ ಬಗ್ಗೆ ಬರೆಯೋದು ಸುಲಭ, ಆಮೇಲೆ ಲಿಫ್ಟಿನಲ್ಲಿ ಅವನ ಜೊತೆ ದಿನಾ ಹೋಗಬೇಕಾದವನು ನೀನು.

ಹೊನ್ನಾವರ ಸಿಸ್ಟರ್

ಕಿವಿಯಿಂದ ರಕ್ತ ಬಂದದ್ದು ಚಿಕ್ಕ ಪೆಟ್ಟಲ್ಲ. ವಾಚ್‌ಮನ್ ಹತ್ತಿರ ಯಾರಾದರೂ ಹೋಗಿದ್ದೀರಾ? ಆಸ್ಪತ್ರೆಯ ಕಾಗದದಲ್ಲಿ ಬಿದ್ದು ಪೆಟ್ಟಾಯಿತು ಅಂತ ಬರೆಸಿದ್ದಾರಾ ನೋಡು. ಹಾಗೆ ಬರೆಸುವುದು ಜಾಸ್ತಿ.

ಅಂಧೇರಿ ಹುಡುಗ

ಮೆಟ್ಟಿಲಿನಿಂದ ಬಿದ್ದದ್ದು ಅಂತ ಇದೆ ಸಿಸ್ಟರ್. ವಾಚ್‌ಮನ್ ಹೆಂಡತಿ ಹೇಳಿದಳು.

ಕಪ್ಪು ಕೋಟು

ಕೇಳು. ಒಂದು, ನೋಡಿದ್ದನ್ನು ಇವತ್ತೇ ಬರೆದಿಟ್ಟುಕೋ. ದಿನಾಂಕ, ಹೊತ್ತು, ಎಲ್ಲಿ ನಿಂತಿದ್ದೆ, ಲೈಟ್ ಎಲ್ಲಿತ್ತು, ಎಲ್ಲಾ. ಶಿಫ್ಟಿನಿಂದ ಹೊರಟ ಪಂಚ್ ಆಫೀಸಿನಲ್ಲಿ ಇರುತ್ತದಲ್ಲ, ಅದೂ ಕೆಲಸಕ್ಕೆ ಬರುತ್ತದೆ. ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಂಡರೆ ಅದಕ್ಕೆ ನಿನ್ನ ಸಹಿ ಹಾಕಿಸುವ ಹಾಗಿಲ್ಲ, ಕಾನೂನೇ ಬೇಡ ಅನ್ನುತ್ತದೆ. ಸಹಿ ಹಾಕು ಅಂದರೆ ನನಗೆ ಫೋನ್ ಮಾಡು. ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ಕೊಡಿಸುವ ದಾರಿಯೂ ಇದೆ, ಬೆದರಿಕೆ ಬಂದರೆ ಸಾಕ್ಷಿ ರಕ್ಷಣೆಗೆ ಅರ್ಜಿ ಹಾಕೋಣ. ವಾಚ್‌ಮನ್ ಹೆಂಡತಿಯನ್ನು ಮೊದಲು ಮಾತಾಡಿಸಬೇಕು. ಅವಳು ದೂರು ಕೊಡದಿದ್ದರೂ ನೀನು ಕೊಡಬಹುದು, ಆದರೆ ಅವಳಿಗೆ ಗೊತ್ತಿಲ್ಲದೆ ಬೇಡ. ಆಮೇಲೆ ಎಲ್ಲ ಭಾರ ಬೀಳುವುದು ಅವಳ ಮೇಲೆ.

ನನ್ನ ನಂಬರು ಖಾಸಗಿ ಮೆಸೇಜಿನಲ್ಲಿ ಕಳಿಸಿದ್ದೇನೆ.

ಮುಲುಂಡ್ ಮನೆಯಾಕೆ

ವಾಚ್‌ಮನ್ ಹೆಂಡತಿಗೆ ಯಾವ ಭಾಷೆ ಬರುತ್ತೆ? ಹಿಂದಿ, ಮರಾಠಿ ಎರಡೂ ನನಗೆ ಸಲೀಸು. ನಾನು ಬರ್ತೀನಿ.

ಅಂಧೇರಿ ಹುಡುಗ

ಭೋಜ್‌ಪುರಿ ಅಕ್ಕ. ಹಿಂದಿ ಅರ್ಥ ಆಗುತ್ತೆ. ನಾಳೆ ನನಗೆ ರಜಾ ಇದೆ, ಹನ್ನೊಂದಕ್ಕೆ ಆಸ್ಪತ್ರೆ ಗೇಟಿನ ಹತ್ತಿರ ಸಿಗ್ತೀನಿ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಗಲ್ಲಾ ಶೆಟ್ರು

ಅಮ್ಮನಿಗೆ ಹೇಳಿಯೇ ಹೋಗು. ನಾನೂ ಬರ್ತೇನೆ, ಹೊರಗೆ ಗಾಡಿಯಲ್ಲಿ ಇರ್ತೇನೆ. ಒಳಗೆ ಬರೋದಿಲ್ಲ, ಮೊದಲೇ ಹೇಳಿದ್ದೇನೆ.